ಹೋಬಾರ್ಟ್ ತನ್ನ ಅತ್ತೆಯೊಡನೆ ಮಾತಾಡಿದ್ದು

ಕಹಿನೀರು ಹಳ್ಳದ ಆಚೀಚೆ ಹೋಬಾರ್ಟ್ ರನ್ನಿಂಗ್ ಕ್ರೇನ್‌ನ ಮದ್ದು ಕುಡಿಯದೆ ಬೆಳೆದವರು ಅಪರೂಪ. ಕುಡಿದು ಬೈದವರೂ ಬೇಕಾದಷ್ಟು ಜನ ಇದ್ದರು, ಯಾಕೆಂದರೆ ಅವನ ಕಷಾಯಗಳೆಲ್ಲ ಒಂದಕ್ಕಿಂತ ಒಂದು ಕಹಿ. ಆದರೆ ಅವನ ಮನೆಯಿಂದ ಮೂವತ್ತು ಹೆಜ್ಜೆ ದೂರದ ತಗಡಿನ ಮಾಡಿನ ಮನೆಯಲ್ಲಿದ್ದ ಅತ್ತೆ ಜೋಸೆಟ್ ಮಾತ್ರ ಒಂದು ಗುಟುಕನ್ನೂ ಕುಡಿದವಳಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಅಸಡ್ಡೆಯಿಂದಲ್ಲ. ಮದ್ದು ಬೇಕಾದವರು ವೈದ್ಯನಿಗೆ ತಮ್ಮ ಕೈಯಾರೆ ಹೊಗೆಸೊಪ್ಪು ಕೊಟ್ಟು ಕೇಳಬೇಕು. ಅತ್ತೆ ಅಳಿಯನನ್ನು ಕೇಳುವುದು ಹೇಗೆ? ಅವರ ಬುಡಕಟ್ಟಾದ ಲಕೋಟ ಜನರಲ್ಲಿ ಅತ್ತೆ ಅಳಿಯ ಒಬ್ಬರೊಡನೊಬ್ಬರು ಮಾತಾಡುವುದಿಲ್ಲ, ಮುಖ ಕೊಟ್ಟು ನೋಡುವುದೂ ಇಲ್ಲ.

ಇದನ್ನು ಜಗಳ ಅಂದುಕೊಂಡವರು ಪೆದ್ದರು. ಪಟ್ಟಣದಿಂದ ಒಮ್ಮೆ ಕುಟುಂಬಗಳ ಕ್ಷೇಮ ವಿಚಾರಿಸಲು ಬಂದಿದ್ದ ಹೆಂಗಸೊಬ್ಬಳು ‘ಈ ಮನೆಯಲ್ಲಿ ಹಿರಿಯರಿಗೂ ಅಳಿಯನಿಗೂ ತೀವ್ರ ಮನಸ್ತಾಪವಿದೆ’ ಎಂದು ಬರೆದುಕೊಂಡು ಹೋದಳು. ಅದನ್ನು ಕೇಳಿ ಜೋಸೆಟ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳಂತೆ. ಮನಸ್ತಾಪವಿದ್ದಿದ್ದರೆ ಅವಳು ಎರಡು ವರ್ಷಕ್ಕೊಮ್ಮೆ ಅಳಿಯನಿಗೆ ಮಣಿ ಪೋಣಿಸಿದ ಚರ್ಮದ ಮೆಟ್ಟು ಯಾಕೆ ಹೊಲಿಯುತ್ತಿದ್ದಳು? ಇದು ಮರ್ಯಾದೆ. ಒಬ್ಬ ಹೆಂಗಸು ತನ್ನ ಮಗಳನ್ನೇ ಕೊಟ್ಟಿದ್ದಾಳೆ ಅಂದಮೇಲೆ ಅವಳ ಹತ್ತಿರ ಹೋಗಿ ಹವಾಮಾನದ ಮಾತಾಡಿ ಹಲ್ಲು ಕಿಸಿಯುವುದಕ್ಕಿಂತ ತಲೆ ತಗ್ಗಿಸಿ ಸುಮ್ಮನಿರುವುದು ಮೇಲು ಎಂದು ಹಿಂದಿನವರು ಕಂಡುಕೊಂಡಿದ್ದರು. ಈಗಿನ ಅಳಿಯಂದಿರು ಆಡುವ ಮಾತು ಕೇಳಿದರೆ ಹಿಂದಿನವರೇ ಜಾಣರು ಅನ್ನಿಸುತ್ತದೆ.

ಹೀಗೆ ಮೂವತ್ತನಾಲ್ಕು ವರ್ಷ ನಡೆದಿತ್ತು. ಮಾತು ಬೇಕೇ ಬೇಕಾದಾಗ ಜೋಸೆಟ್‌ಳ ನಾಯಿ ಇತ್ತು. ಅದರ ಹೆಸರು ಗವರ್ನರ್. “ಗವರ್ನರ್, ಒಲೆ ಮೇಲೆ ಕಾಫಿ ಇದೆ, ಕುಡಿಯೋರು ಕುಡೀಬೋದು,” ಎಂದು ಜೋಸೆಟ್ ಒಳಗಿಂದ ನಾಯಿಗೆ ಹೇಳುವಳು. “ಸೌದೆ ಒಡೆದಿಟ್ಟಿದೀನಿ ಕಣೋ ಗವರ್ನರ್, ಮಳೆ ಬರೋದ್ರೊಳಗೆ ಒಳಗೆ ಹಾಕ್ಕೋಬೇಕಂತೆ,” ಎಂದು ಹೋಬಾರ್ಟ್ ಅಂಗಳದಿಂದ ಅದೇ ನಾಯಿಗೆ ಹೇಳುವನು. ದೊಡ್ಡ ವಿಷಯವಾದರೆ ಹೋಬಾರ್ಟ್‌ನ ಹೆಂಡತಿ, ಜೋಸೆಟ್‌ಳ ಮಗಳು ಡೆಲ್ಫಿನ್, ಇಲ್ಲಿಂದಲ್ಲಿಗೆ ಮುಟ್ಟಿಸುತ್ತಿದ್ದಳು. ಅತ್ತೆಯನ್ನು ಅಂಗಡಿಗೆ ಕರೆದೊಯ್ಯುವಾಗ ಹೋಬಾರ್ಟ್ ಕಾರಿನ ಒಳಗನ್ನಡಿಯನ್ನು ಮೇಲಕ್ಕೆ ತಿರುಗಿಸಿಬಿಡುತ್ತಿದ್ದ. ಹಿಂದೆ ಬರುವ ಲಾರಿ ಕಾಣದಿದ್ದರೂ ಅಡ್ಡಿಯಿಲ್ಲ, ಅತ್ತೆಯ ಮುಖ ಕಾಣಬಾರದು.

ಹೋಬಾರ್ಟ್‌ಗೆ ಆಗ ಐವತ್ತೇಳು. ಅವನನ್ನು ಬೆಳೆಸಿದವಳು ಅಪ್ಪನ ತಾಯಿ. ಆ ಅಜ್ಜಿ ಅವನನ್ನು ಬಯಲಿಗೆ ಕರೆದುಕೊಂಡು ಹೋಗಿ ಬೇರು ತೋರಿಸುವ ಮೊದಲು ಒಂದು ಪಾಠ ಹೇಳಿಕೊಟ್ಟಳು. ಗಿಡದ ಮುಂದೆ ಕೂತು ಮೊದಲು ಸಂಬಂಧ ಹೇಳಿ ಕರೆಯಬೇಕು: ಅಜ್ಜಿ, ನಾನು ನಿನ್ನ ಮೊಮ್ಮಗ, ನಮ್ಮವರಿಗೆ ಕಾಯಿಲೆ, ನಿನ್ನ ಮಕ್ಕಳಲ್ಲಿ ಒಬ್ಬರನ್ನು ಕೊಡು. ಬುಡಕ್ಕೆ ಚಿಟಿಕೆ ಹೊಗೆಸೊಪ್ಪು ಹಾಕಿ, ಆ ಮೊದಲ ಗಿಡವನ್ನು ಬಿಟ್ಟು ಪಕ್ಕದ್ದನ್ನು ಅಗೆಯಬೇಕು. “ನೆಂಟಸ್ತನ ಇಲ್ದೆ ಕಿತ್ತಿದ್ದು ಬರೀ ಸೌದೆ ಕಣೋ,” ಎನ್ನುತ್ತಿದ್ದಳು ಅಜ್ಜಿ. ಏಳನೇ ವರ್ಷಕ್ಕೆ ಸರ್ಕಾರದ ಬಿಳಿಯರು ಅವನನ್ನು ಹಾಸ್ಟೆಲ್ ಶಾಲೆಗೆ ಎಳೆದೊಯ್ದು ಜಡೆ ಕತ್ತರಿಸಿದರು, ಮನೆಮಾತು ಆಡಿದರೆ ಬೆರಳ ಗೆಣ್ಣಿನ ಮೇಲೆ ಹೊಡೆದರು. ಒಂಬತ್ತು ವರ್ಷ ಅಲ್ಲಿದ್ದು ಹೊರಬಂದಾಗ ಅವನಿಗೆ ಎರಡು ಭಾಷೆಯಲ್ಲೂ ಬಾಯಿ ಏಳುತ್ತಿರಲಿಲ್ಲ. ಆ ವರ್ಷಗಳ ಬಗ್ಗೆ ಅವನು ಯಾರಿಗೂ ಹೆಚ್ಚು ಹೇಳಿದವನಲ್ಲ, ನಾನೂ ಕೆದಕುವುದಿಲ್ಲ. ಊರಿಗೆ ಬಂದ ಮೇಲೆ ರಸ್ತೆ ಸಮ ಮಾಡುವ ಗ್ರೇಡರ್ ಓಡಿಸಿದ. ಅಜ್ಜಿ ಇನ್ನೂ ಬದುಕಿದ್ದಳು, ಆ ಪುಣ್ಯ ಇತ್ತು. ಗ್ರೇಡರ್ ಇಳಿದವನು ಅವಳ ಹಿಂದೆ ಚೀಲ ಹಿಡಿದು ನಡೆದ.

ಇಪ್ಪತ್ತಾರನೇ ವಯಸ್ಸಿನಲ್ಲಿ ಗುಡ್ಡದ ಮೇಲೆ ನಾಲ್ಕು ದಿನ ಅನ್ನ ನೀರು ಬಿಟ್ಟು ಚಿಲುಮೆ ಹಿಡಿದು ನಿಂತ. ಹಾಗೆ ನಿಂತವರಿಗೆ ತಮ್ಮ ದಾರಿ ಕಾಣುತ್ತದೆ. ಅವನಿಗೆ ಕಂಡದ್ದು ಅವನ ಕಡೆ ಬೆನ್ನು ಹಾಕಿ ಕೂತು ಬೇರು ಅಗೆಯುತ್ತಿದ್ದ ಒಂದು ಕರಡಿ. ಅದು ತಿರುಗಿ ನೋಡಲಿಲ್ಲ, ಒಂದು ಮಾತೂ ಆಡಲಿಲ್ಲ, ಅಗೆಯುತ್ತಲೇ ಇತ್ತು. ಹಿರಿಯರು ಕೇಳಿ, ಕರಡಿ ಕಂಡವನು ಬೇರಿನ ವೈದ್ಯ ಎಂದರು. ಡೆಲ್ಫಿನ್‌ಳ ಅಣ್ಣ ಕ್ಲೀವ್ ಮಾತ್ರ ಆ ಕಥೆಯನ್ನು ಬೇರೆ ಥರ ಹೇಳುತ್ತಾನೆ. “ಬೇರೆಯವ್ರಿಗೆ ಸಿಡಿಲು ಕಾಣುತ್ತೆ, ಹದ್ದು ಕಾಣುತ್ತೆ. ನಮ್ಮ ಭಾವ ನಾಲ್ಕು ದಿನ ಉಪವಾಸ ಬಿದ್ದು ಕರಡಿ ಕುಂಡೆ ನೋಡ್ಕೊಂಡು ಬಂದ!” ಭಾವನನ್ನು ಹೀಗೆ ಆಡಿಕೊಳ್ಳುವುದು ಕ್ಲೀವ್‌ನ ಹಕ್ಕು. ಆಡಿಕೊಳ್ಳದಿದ್ದರೆ ಸಂಬಂಧ ಕೆಟ್ಟಿದೆ ಎಂದೇ ಲೆಕ್ಕ.

ಅಂತೂ ಮೂವತ್ತು ವರ್ಷದಲ್ಲಿ ಅವನ ಕೈಗೆ ಹೆಸರು ಬಂತು. ಗಂಟಲು ಕಟ್ಟಿದರೆ ಬಜೆ ಬೇರು, ಹಲ್ಲು ನೋವಿಗೆ ನಾಲಿಗೆ ಜುಮ್ಮೆನ್ನಿಸುವ ನೇರಳೆ ಹೂವಿನ ಗಿಡದ ಬೇರು, ಮನಸ್ಸು ಕೆಟ್ಟವರಿಗೆ ಬೆವರಿನ ಗುಡಿಸಲು. ಕೊಂಬೆ ಬಾಗಿಸಿ ಕಂಬಳಿ ಹೊದಿಸಿದ ಆ ಗುಡಿಸಲಿನಲ್ಲಿ ಕಾದ ಕಲ್ಲಿಗೆ ನೀರು ಸುರಿದು ಅವನು ಹಾಡುತ್ತಿದ್ದ, ಒಳಗಿದ್ದವರು ಅಳುತ್ತಿದ್ದರು, ಕೊನೆಗೆ ‘ಎಲ್ಲರೂ ನನ್ನ ಬಂಧುಗಳೇ’ ಎಂದು ಹೇಳಿ ಹೊರಬರುತ್ತಿದ್ದರು. ಬೇಸಿಗೆಯಲ್ಲಿ ದೂರದೂರದಿಂದ ಬಿಳಿಯರು ಕಾರು ಹಾಕಿಕೊಂಡು ಬಂದು, ನಮಗೂ ಏನಾದರೂ ಕಾಣುವ ಹಾಗೆ ಮಾಡು ಎಂದು ಕಾಡುತ್ತಿದ್ದರು. ಅವರಿಗೆ ಸೌದೆ ಒಡೆಯಲು ಕೊಡುತ್ತಿದ್ದ. ಅರ್ಧ ಜನ ಅಲ್ಲಿಗೇ ಹೊರಟುಬಿಡುತ್ತಿದ್ದರು. ಅವನ ನಿಜವಾದ ಗುಣ ಅಂದರೆ ತನ್ನ ಬೇರಿನ ಶಕ್ತಿ ಎಲ್ಲಿಯವರೆಗೆ ಮುಟ್ಟುತ್ತದೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. “ಇದು ನನ್ನ ಕೈಲಾಗಲ್ಲ, ಆಸ್ಪತ್ರೆಗೆ ಹೋಗು, ನಾನೇ ಬಿಟ್ಟು ಬರ್ತೀನಿ,” ಎಂದು ಎಷ್ಟು ಜನರಿಗೆ ಹೇಳಿ ಎಷ್ಟು ಜೀವ ಉಳಿಸಿದ್ದಾನೋ. ಹಾಗೆ ಹೇಳಲಾರದ ವೈದ್ಯರನ್ನೂ ನಾನು ಕಂಡಿದ್ದೇನೆ.

ಆ ವರ್ಷ ಎಲೆ ಉದುರುವ ಕಾಲಕ್ಕೆ ಜೋಸೆಟ್‌ಳ ಎಡಗಾಲಿನಲ್ಲಿ ಹುಣ್ಣಾಯಿತು. ಸಕ್ಕರೆ ಕಾಯಿಲೆ ಇದ್ದವಳು. ಊರಿನ ಚಿಕಿತ್ಸಾಲಯದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನೋಡಿ, ಪಟ್ಟಣಕ್ಕೆ ಹೋಗಿ ಮೊಣಕಾಲಿನ ಕೆಳಗೆ ಕಾಲು ತೆಗೆಸಬೇಕು, ಈ ವಾರವೇ, ಎಂದು ನೇರವಾಗಿ ಹೇಳಿದಳು. ಜೋಸೆಟ್ “ನೋಡೋಣ” ಎಂದು ಮನೆಗೆ ಬಂದು ಕೂತಳು. ಅವಳ ಗಂಡ ಹನ್ನೊಂದು ವರ್ಷದ ಹಿಂದೆ ಇದೇ ಕಾಯಿಲೆಗೆ ತೀರಾ ತಡವಾಗಿ ಹೋಗಿ, ಕಾಲೂ ಕಳಕೊಂಡು ಜೀವವನ್ನೂ ಕಳಕೊಂಡಿದ್ದ. ಅವನ ಕಾಲು ಎಲ್ಲಿ ಹೋಯಿತೋ ಯಾರೂ ಕೇಳಿರಲಿಲ್ಲ. ಸತ್ತವರು ನಡೆಯುವ ನಕ್ಷತ್ರದ ದಾರಿಯಲ್ಲಿ ಆ ಮನುಷ್ಯ ಇನ್ನೂ ಕುಂಟುತ್ತಿದ್ದಾನೆ ಎಂದು ಅವಳು ನಂಬಿದ್ದಳು. ತಾನೂ ಕುಂಟಿಕೊಂಡು ಹೋಗಲು ಅವಳು ತಯಾರಿರಲಿಲ್ಲ.

ಎರಡು ದಿನ ಯೋಚಿಸಿ ಮಗಳನ್ನು ಕರೆದಳು. “ಒಬ್ಬ ವೈದ್ಯ ಇದ್ದಾನಂತಲ್ಲ ಇಲ್ಲೆಲ್ಲೋ ಹತ್ರದಲ್ಲಿ. ಅವನಿಗೆ ಹೊಗೆಸೊಪ್ಪು ಕೊಡ್ಬೇಕು. ಕೌದಿ ಕಟ್ಟು.”

ಡೆಲ್ಫಿನ್ ಕೋಣೆಯ ನಡುವೆ ಹಗ್ಗ ಎಳೆದು ನಕ್ಷತ್ರದ ಚಿತ್ತಾರ ಹೊಲಿದ ಕೌದಿಯನ್ನು ತೂಗುಹಾಕಿದಳು. ಆ ಕಡೆ ಮಂಚದ ಮೇಲೆ ಅತ್ತೆ, ಈ ಕಡೆ ನೆಲದ ಮೇಲೆ ಅಳಿಯ. ಕೌದಿಯ ಕೆಳಗಿನಿಂದ ಸುಕ್ಕುಗಟ್ಟಿದ ಕೈಯೊಂದು ಕೆಂಪು ಬಟ್ಟೆಯಲ್ಲಿ ಕಟ್ಟಿದ ಹೊಗೆಸೊಪ್ಪನ್ನು ಚಾಚಿತು. ಹೋಬಾರ್ಟ್ ತಲೆ ತಗ್ಗಿಸಿ ತೆಗೆದುಕೊಂಡ. ತೆಗೆದುಕೊಂಡಮೇಲೆ ಮುಗಿಯಿತು, ಅವಳಿಗೆ ಯಾವುದು ಒಳ್ಳೆಯದೋ ಅದನ್ನು ಮಾಡಲೇಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ಡೆಲ್ಫಿನ್ ತಾಯಿಯ ಕಾಲನ್ನು ದಿಂಬಿನ ಮೇಲಿಟ್ಟು ಕೌದಿಯ ಅಂಚಿನಿಂದ ಈಚೆಗೆ ಸರಿಸಿದಳು.

ಎರಡು ಬೆರಳು ಕಪ್ಪಾಗಿದ್ದವು. ಹಿಮ್ಮಡಿಯಿಂದ ಮೇಲಕ್ಕೆ ಕೆಂಪು ಗೆರೆ ಹತ್ತುತ್ತಿತ್ತು. ಹೋಬಾರ್ಟ್ ಹೆಬ್ಬೆರಳಿನಿಂದ ಪಾದವನ್ನು ಒತ್ತಿದ.

“ನೋಯುತ್ತಾ ಕೇಳು,” ಎಂದ ಹೆಂಡತಿಗೆ.

ಕೌದಿಯ ಆ ಕಡೆಯಿಂದ ಉತ್ತರ ಬಂತು. “ಗವರ್ನರ್, ನೋಯ್ತಿದ್ರೆ ಚೆನ್ನಾಗಿತ್ತು ಅಂತ ಹೇಳಪ್ಪ. ಆ ಕಾಲು ನನ್ನ ಹತ್ರ ಮಾತು ಬಿಟ್ಟು ತಿಂಗಳಾಯ್ತು.”

ಹೋಬಾರ್ಟ್‌ಗೆ ನಗು ಬಂದಿತು, ಭಯವೂ ಆಯಿತು. ನೋವಿಲ್ಲದ ಹುಣ್ಣಿನಂಥ ಕೆಟ್ಟದ್ದು ಇನ್ನೊಂದಿಲ್ಲ. ಅವನು ಹೆಂಡತಿಗೆ ಸನ್ನೆ ಮಾಡಿ ಹೊರಗೆ ಸೌದೆ ರಾಶಿಯ ಹತ್ತಿರ ಕರೆದುಕೊಂಡು ಹೋದ.

“ಡಾಕ್ಟರಮ್ಮ ಹೇಳಿದ್ದೇ ಸರಿ. ಬೇರಿಗೆ ಮೀರಿದೆ. ಕಾಲು ತೆಗೆಸಬೇಕು, ನಾಳೇನೇ. ಹೋಗಿ ಹೇಳು.”

ಡೆಲ್ಫಿನ್ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತ ನಿಂತಳು. “ನಾನು ಹೇಗೆ ಹೇಳ್ಲಿ? ಅವಳು ಆಸೆ ಇಟ್ಕೊಂಡು ಕೂತಿದಾಳೆ.”

“ಇನ್ಯಾರು ಹೇಳೋದು? ನಾನು ಹೇಳೋ ಹಾಗಿದ್ಯಾ?”

ಅವಳು ಒಳಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಹೋಬಾರ್ಟ್ ಮೆಟ್ಟಿಲ ಹತ್ತಿರ ನಿಂತು ಕೇಳಿಸಿಕೊಂಡ.

“ಏನಂತಾನೆ?” ಎಂದಳು ಜೋಸೆಟ್.

ದಿಂಬು ತಟ್ಟುವ ಸದ್ದು ಕೇಳಿಸಿತು. ಆಮೇಲೆ ಡೆಲ್ಫಿನ್‌ಳ ದನಿ: “ಬೇರು ಅರೆದು ಕಟ್ತಾರಂತೆ ಅವ್ವ. ಕಷಾಯಾನೂ ಕೊಡ್ತಾರಂತೆ. ನಾಲ್ಕು ದಿನ ನೋಡೋಣ ಅಂದ್ರು. ವಾಸಿ ಆಗುತ್ತೆ ಅಂದ್ರು.”

ಜೋಸೆಟ್ ದೊಡ್ಡ ಉಸಿರು ಬಿಟ್ಟಳು. “ನಂಗೊತ್ತಿತ್ತು. ಅವನ ಕೈಗುಣ ದೊಡ್ಡದು. ಈ ಸುತ್ತಿನಲ್ಲಿ ಅಂಥೋನು ಇನ್ನೊಬ್ಬ ಇಲ್ಲ. ನಿಂಗೆ ಒಳ್ಳೆ ಗಂಡು ಸಿಕ್ಕಿದ ಕಣೇ. ನಾನು ಯಾವತ್ತೂ ಹೇಳಿಲ್ಲ, ಅಷ್ಟೆ.”

ಹೋಬಾರ್ಟ್ ಆಗಲೇ ಒಳಗೆ ನುಗ್ಗಿ ‘ನಾನು ಹಾಗೆ ಹೇಳಿಲ್ಲ’ ಅನ್ನಬೇಕಿತ್ತು. ಅನ್ನಲಿಲ್ಲ. ಅತ್ತೆಯ ಹತ್ತಿರ ಮಾತಾಡುವ ಹಾಗಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಮೂವತ್ತನಾಲ್ಕು ವರ್ಷದಲ್ಲಿ ಅತ್ತೆ ತನ್ನ ಬಗ್ಗೆ ಏನು ತಿಳಿದುಕೊಂಡಿದ್ದಾಳೆ ಅನ್ನುವುದು ಮೊದಲ ಸಲ ಕಿವಿಗೆ ಬಿದ್ದಿತ್ತು. ಆ ಹೊಗಳಿಕೆ ಅವನ ನಾಲಿಗೆಯನ್ನು ಕಟ್ಟಿಹಾಕಿತು. ಒಳ್ಳೆಯವರೂ ಹೀಗೆ ಎಡವುತ್ತಾರೆ. ನನಗೆ ಅವನ ಮೇಲೆ ಸಿಟ್ಟಿಗಿಂತ ಮರುಕವೇ ಹೆಚ್ಚು. ಅವನು ಮನೆಗೆ ಹೋಗಿ ಬೇರು ಕುಟ್ಟಿ, ಕುದಿಸಿ, ಹೆಂಡತಿಯ ಕೈಯಲ್ಲಿ ಕೊಟ್ಟು ಕಳಿಸಿದ. ಮದ್ದು ಕುಟ್ಟುವಾಗ ಹಾಡುವ ಹಾಡು ಆ ದಿನ ಅವನ ಗಂಟಲಿನಿಂದ ಹೊರಡಲಿಲ್ಲ.

ಮೂರನೇ ದಿನ ಮಧ್ಯಾಹ್ನ ಜೋಸೆಟ್‌ಗೆ ಚಳಿಜ್ವರ ಬಂತು. ಕೆಂಪು ಗೆರೆ ಮೊಣಕಾಲಿನ ಹತ್ತಿರಕ್ಕೆ ಹತ್ತಿತ್ತು. ಶಾಲೆಯ ಬಸ್ಸು ಓಡಿಸುತ್ತಿದ್ದ ಕ್ಲೀವ್ ಸುದ್ದಿ ತಿಳಿದು ಬಸ್ಸನ್ನೇ ತಂದು ಅಂಗಳದಲ್ಲಿ ನಿಲ್ಲಿಸಿ ಹಾರಿ ಇಳಿದ. ಹೋಬಾರ್ಟ್ ಬೆವರಿನ ಗುಡಿಸಲಿನ ಹತ್ತಿರ ಕಲ್ಲು ಜೋಡಿಸುತ್ತಿದ್ದ.

“ವಾಸಿ ಮಾಡ್ತೀನಿ ಅಂದ್ಯಂತಲ್ಲೋ! ನಮ್ಮವ್ವನ ಕಾಲು ನೋಡಿದ್ಯಾ ಈಗ? ಆಸ್ಪತ್ರೆಗೆ ಹೋಗೋಳನ್ನ ತಡೆದು ಕೂರಿಸಿದ್ಯಲ್ಲ!”

ಕ್ಲೀವ್ ಇವತ್ತು ಆಡಿಕೊಳ್ಳುತ್ತಿರಲಿಲ್ಲ. ಹೋಬಾರ್ಟ್ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟ.

“ನಾನು ಹಾಗಂದಿಲ್ಲ ಭಾವ. ಕಾಲು ತೆಗೆಸಬೇಕು ಅಂತಲೇ ಹೇಳಿ ಕಳಿಸಿದ್ದೆ.”

“ಮತ್ತೆ ಯಾರಂದಿದ್ದು? ಗವರ್ನರಾ?”

ತಾಯಿಯ ಮನೆ ಬಾಗಿಲಲ್ಲಿ ನಿಂತಿದ್ದ ಡೆಲ್ಫಿನ್ ಅಂಗಳಕ್ಕೆ ಇಳಿದು ಬಂದಳು. “ನಾನು ಕಣೋ ಅಣ್ಣ. ನಂಗೆ ಬಾಯಿ ಬರ್ಲಿಲ್ಲ. ಅವಳ ಮುಖ ನೋಡಿ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ.”

ಕ್ಲೀವ್ ತಂಗಿಯನ್ನು ನೋಡಿದ, ಭಾವನನ್ನು ನೋಡಿದ. “ನೀನು ಕೇಳಿಸ್ಕೊಂಡ್ಯಾ ಅದನ್ನ?” ಎಂದ ಹೋಬಾರ್ಟ್‌ಗೆ.

“ಕೇಳಿಸ್ಕೊಂಡೆ,” ಎಂದ ಹೋಬಾರ್ಟ್. ಕ್ಲೀವ್ ಬೆನ್ನು ತಿರುಗಿಸಿ ಮನೆಯ ಕಡೆ ನಡೆದ. ಬೈದಿದ್ದರೆ ಹಗುರವಾಗುತ್ತಿತ್ತು.

ಅಣ್ಣ ತಂಗಿ ಇಬ್ಬರೂ ಒಳಗೆ ಹೋಗಿ ಈಗ ನಿಜ ಹೇಳಿದರು. ಜೋಸೆಟ್‌ಗೆ ಜ್ವರ ಏರಿದ್ದರೂ ಬುದ್ಧಿ ಚುರುಕಾಗಿಯೇ ಇತ್ತು.

“ಮೊನ್ನೆ ವಾಸಿ ಆಗುತ್ತೆ ಅಂತಾನೆ ಅಂದೆ. ಇವತ್ತು ಕತ್ತರಿಸ್ಬೇಕು ಅಂತಾನೆ ಅಂತೀಯ. ಮೊನ್ನೆಯದು ಸುಳ್ಳಾದ್ರೆ ಇವತ್ತಿಂದು ಯಾಕೆ ನಿಜ ಆಗ್ಬೇಕು? ನೀವಿಬ್ಬರೂ ಸೇರಿ ನನ್ನನ್ನ ಆಸ್ಪತ್ರೆಗೆ ಹಾಕೋಕೆ ನೋಡ್ತಿದೀರ. ಹೊಗೆಸೊಪ್ಪು ಕೊಟ್ಟಿದ್ದು ಅವನಿಗೆ ನಾನು. ಅವನ ಮಾತು ಬೇಕು ನಂಗೆ, ನಿಮ್ಮದಲ್ಲ. ಹೋಗ್ರಿ.”

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಡೆಲ್ಫಿನ್ ಅತ್ತಳು, ಕ್ಲೀವ್ ಗದರಿದ, ಅವಳು ಜಪ್ಪಯ್ಯ ಅನ್ನಲಿಲ್ಲ. ಎಪ್ಪತ್ತೊಂಬತ್ತು ವರ್ಷದ ಹೆಂಗಸನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿಗೆ ಹೊತ್ತುಹಾಕುವುದು ಆಗದ ಮಾತಲ್ಲ, ಆದರೆ ಅವಳು ಬೇಡ ಅಂದರೆ ಡಾಕ್ಟರು ಚಾಕು ಮುಟ್ಟುವುದಿಲ್ಲ.

ಹೋಬಾರ್ಟ್ ಇದೆಲ್ಲವನ್ನೂ ಅಂಗಳದಲ್ಲಿ ನಿಂತು ಕೇಳಿದ. ಅವನ ಮಾತೇ ಬೇಕು, ಅವನ ಮಾತು ಅವಳಿಗೆ ಮುಟ್ಟುವ ಹಾಗಿಲ್ಲ. ಸುಮ್ಮನಿದ್ದರೆ ಅತ್ತೆ ಸಾಯುತ್ತಾಳೆ. ಒಳಗೆ ಹೋಗಿ ಬಾಯಿ ಬಿಟ್ಟರೆ? ಇಷ್ಟು ವರ್ಷ ಇಬ್ಬರೂ ಸೇರಿ ಕಾಪಾಡಿಕೊಂಡು ಬಂದ ಮರ್ಯಾದೆ ಅವಳ ಕೊನೆಗಾಲದಲ್ಲಿ ಮಣ್ಣುಪಾಲು. ಅಳಿಯ ಮೈಮೇಲೆ ಬಿದ್ದು ಮಾತಾಡಿದ ಎಂದು ನಾಚಿಕೆಯಿಂದಲೇ ಅವಳು ಕಿವಿ ಮುಚ್ಚಿಕೊಂಡರೆ ಆಡಿದ ಮಾತೂ ದಂಡ. ನದಿಯ ಮೇಲಿನ ಕಡೆಯ ಬೇರೆ ಜನ ಅತ್ತೆಗೆ ಒಂದು ಕುದುರೆ ಕೊಟ್ಟು ಮಾತಾಡುವ ಅನುಮತಿ ಪಡೆಯುತ್ತಿದ್ದರಂತೆ. ಅವರ ಪದ್ಧತಿ ಅವರಿಗೆ. ಅವನ ಹತ್ತಿರ ಕುದುರೆಯೂ ಇರಲಿಲ್ಲ.

ಅವನು ಅಂಗಳದಂಚಿನ ಬೂದು ಬಣ್ಣದ ಮಾಚಿಪತ್ರೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಏನೂ ತೋಚದಿದ್ದರೂ ಒಂದು ಹಿಡಿ ಸೊಪ್ಪು ಕಿತ್ತು ಕೈಯಲ್ಲಿ ಹಿಡಿಯೋಣ ಎಂದಷ್ಟೇ. ಅಭ್ಯಾಸಬಲದಿಂದ ಬಾಯಿ ತಾನಾಗಿ “ಅಜ್ಜಿ, ನಾನು ನಿನ್ನ ಮೊಮ್ಮಗ” ಅಂದಿತು. ಅಂದವನ ಕೈ ಗಿಡದ ಹತ್ತಿರವೇ ತಡೆಯಿತು. ಸೊಪ್ಪು ಕೀಳುವುದಕ್ಕೂ ಮೊದಲು ನೆಂಟಸ್ತನ ಹೇಳುತ್ತೇನೆ. ಅತ್ತೆಯ ಕಾಲು ಕೇಳುವುದಕ್ಕೆ ಯಾವ ನೆಂಟಸ್ತನ ಹಿಡಿದು ಹೋಗಲಿ?

ಲಕೋಟ ಜನರಲ್ಲಿ ಒಬ್ಬರನ್ನು ಏನೆಂದು ಕರೆಯುತ್ತೀರೋ ಹಾಗೇ ನಡೆದುಕೊಳ್ಳಬೇಕು. ಕರೆದ ಮೇಲೆ ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ. ಕಂಡಕಂಡವರನ್ನು ಅವ್ವ, ಅಪ್ಪ ಎಂದು ಉದಾರವಾಗಿ ಕರೆದು ಮುಂದೆ ಹೋಗುವವರ ಊರಲ್ಲ ಇದು. ಬೇರೆ ಹೊಟ್ಟೆಯಲ್ಲಿ ಹುಟ್ಟಿದವರನ್ನು ಮಗ ಮಾಡಿಕೊಳ್ಳುವುದುಂಟು, ಆದರೆ ಅದಕ್ಕೆ ಹಿರಿಯರು ಕೂಡಬೇಕು, ಊಟ ಹಾಕಬೇಕು, ಮುಖಕ್ಕೆ ಕೆಂಪು ಬಳಿಯಬೇಕು, ಎಲ್ಲಕ್ಕಿಂತ ಮೊದಲು ದೊಡ್ಡವರು ತಾವಾಗಿ ಬಾ ಎನ್ನಬೇಕು. ಚಿಕ್ಕವನೇ ಹೋಗಿ ‘ನಾನು ನಿನ್ನ ಮಗ’ ಎಂದು ಅಂಗಲಾಚುವುದು ಕದ್ದ ಹಾಗೆಯೇ ಸರಿ. ಅವಳು ಓಗೊಡದಿದ್ದರೆ ಅವನು ಅಳಿಯನೂ ಅಲ್ಲ, ಮಗನೂ ಅಲ್ಲ, ವೈದ್ಯನಂತೂ ಮೊದಲೇ ಅಲ್ಲ. ಊರಿನಲ್ಲಿ ಅವನ ಕೈಯಿಂದ ಮದ್ದು ಯಾರು ತೆಗೆದುಕೊಳ್ಳುತ್ತಾರೆ?

ಹೋಬಾರ್ಟ್ ಎದ್ದು, ತಲೆಯ ಟೊಪ್ಪಿಗೆ ತೆಗೆದು ಮೆಟ್ಟಿಲ ಮೇಲಿಟ್ಟು ಒಳಗೆ ಹೋದ. ಕೌದಿ ಇನ್ನೂ ತೂಗುತ್ತಿತ್ತು. ಅದರ ಮುಂದೆ ನೆಲದ ಮೇಲೆ ಕೂತ.

“ಅವ್ವ,” ಎಂದ.

ಡೆಲ್ಫಿನ್‌ಳ ಅಳು ಗಕ್ಕನೆ ನಿಂತಿತು. ಕ್ಲೀವ್ ಬಾಯಿ ತೆರೆದವನು ಹಾಗೇ ನಿಂತ. 

“ಅವ್ವ, ನಾನು ಹೋಬಾರ್ಟ್. ನಾನು ಮೊನ್ನೆ ವಾಸಿ ಆಗುತ್ತೆ ಅಂತ ಹೇಳಿರ್ಲಿಲ್ಲ. ಡೆಲ್ಫಿನ್ ಹಾಗಂದಾಗ ಹೊರಗೆ ನಿಂತು ಕೇಳಿಸ್ಕೊಂಡೆ, ಸುಮ್ಮನಾಗ್ಬಿಟ್ಟೆ. ನೀನು ನನ್ನ ಹೊಗಳ್ತಿದ್ದೆ. ಅದು ಇನ್ನೂ ಸ್ವಲ್ಪ ಕೇಳೋಣ ಅನ್ನಿಸ್ತು. ತಪ್ಪು ಅವಳದ್ದಲ್ಲ, ನನ್ನದು.” ಅವನು ಕೌದಿಯ ಹತ್ತಿರಕ್ಕೆ ಸರಿದ. “ಆ ಕಾಲು ಸತ್ತಿದೆ ಅವ್ವ. ಅದನ್ನ ಬಿಡದಿದ್ರೆ ನಿನ್ನನ್ನೂ ಎಳ್ಕೊಂಡು ಹೋಗುತ್ತೆ. ಡಾಕ್ಟರ ಹತ್ರ ಕಾಲು ನಾನೇ ಕೇಳಿ ಇಸ್ಕೋತೀನಿ. ಹೊಸ ಬಟ್ಟೆ ಸುತ್ತಿ, ಹೊಗೆಸೊಪ್ಪು ಇಟ್ಟು, ಗುಡ್ಡದ ಮೇಲೆ ಮಾವನ ಪಕ್ಕ ಮಣ್ಣು ಮಾಡ್ತೀನಿ. ಅದು ಅಲ್ಲೇ ಕಾಯ್ತಿರುತ್ತೆ. ನಿನ್ನ ಕಾಲ ಬಂದಾಗ ಎರಡು ಕಾಲಲ್ಲೇ ನಡ್ಕೊಂಡು ಹೋಗ್ತೀಯ. ಇದು ನನ್ನ ಮಾತು. ಇನ್ಯಾರದ್ದೂ ಅಲ್ಲ.”

ಕಾದ. ಹೊರಗೆ ಗಾಳಿ ತಗಡನ್ನು ಬಡಿಯುತ್ತಿತ್ತು. ಇಷ್ಟು ಹೊತ್ತಿಗೆ ಅವಳಿಗೆ ಎಚ್ಚರ ತಪ್ಪಿರಬಹುದೇ ಎಂದೂ ಅವನಿಗೆ ಅನ್ನಿಸಿತು. ಹಾಗಿದ್ದರೆ ಒಳ್ಳೆಯದು ಎಂದು ಒಂದು ಗಳಿಗೆ ಆಸೆಪಟ್ಟ, ಹಾಗೆ ಆಸೆಪಟ್ಟದ್ದಕ್ಕೆ ನಾಚಿದ.

ಮಂಚ ಕಿರುಗುಟ್ಟಿತು.

“ಅವ್ವ ಅಂದ್ಯಾ?” ಎಂದಳು ಜೋಸೆಟ್. ನಾಯಿಗಲ್ಲ.

“ಹೂಂ.”

“ಅಂದ್ಮೇಲೆ ಹಿಂದೆ ತಗೋಳೋ ಹಾಗಿಲ್ಲ. ಗೊತ್ತಿದ್ಯಾ?”

“ಗೊತ್ತು.”

“ಅಳಿಯ ಆದ್ರೆ ನಾನು ಬಾಯಿ ಮುಚ್ಚಿಕೊಂಡಿರ್ಬೇಕಿತ್ತು. ಮಗ ಆದ್ರೆ ಬೈಬೋದು. ಅದೂ ಗೊತ್ತಿದ್ಯಾ?”

ಹೋಬಾರ್ಟ್‌ಗೆ ಅದು ಹೊಳೆದಿರಲಿಲ್ಲ. “ಬೈಯಿ ಅವ್ವ,” ಎಂದ.

“ಬೈತೀನಿ. ಮೊದಲು ಎದ್ದು ಕಾರು ಶುರು ಮಾಡು, ದಡ್ಡ. ಮೂರು ದಿನ ಹೊರಗೆ ನಿಂತ್ಕೊಂಡು ನನ್ನ ಕಾಲು ಕೊಳೆಯೋದು ನೋಡ್ತಿದ್ನಂತೆ! ಹೊಗಳಿಕೆ ಬೇಕಾಗಿತ್ತಂತೆ! ಕ್ಲೀವ್, ನನ್ನ ಶಾಲು ಕೊಡು.”

ಅಲ್ಲಿಂದ ಶುರುವಾದ ಬೈಗುಳ ಐದು ವರ್ಷ, ಅವಳು ಸಾಯುವ ದಿನದವರೆಗೆ, ನಿಲ್ಲಲಿಲ್ಲ. ಪಟ್ಟಣಕ್ಕೆ ನೂರು ಮೈಲಿ. ಹಿಂದಿನ ಸೀಟಿನಲ್ಲಿ ಮಗಳ ತೊಡೆಯ ಮೇಲೆ ತಲೆಯಿಟ್ಟು, ಹಲ್ಲು ಕಟಕಟ ಅನ್ನುತ್ತಿದ್ದರೂ ಅವಳು ಮೂವತ್ತನಾಲ್ಕು ವರ್ಷದ ಬಾಕಿಯನ್ನು ಒಂದೊಂದಾಗಿ ತೀರಿಸಿದಳು. ಮದುವೆಯಾದ ವರ್ಷ ಅವಳ ಒಳ್ಳೆಯ ಕೊಡಲಿಯನ್ನು ಮಳೆಯಲ್ಲಿ ಬಿಟ್ಟದ್ದು. ಮಾವ ಸತ್ತಾಗ ಊಟ ಬಿಟ್ಟು ಕಡ್ಡಿಯ ಹಾಗೆ ಆದದ್ದು, ಅದನ್ನು ನೋಡಿಯೂ ‘ತಿನ್ನು’ ಅನ್ನಲಾರದೆ ಅವಳು ಒದ್ದಾಡಿದ್ದು. ಕಾರನ್ನು ಆಮೆಯ ಹಾಗೆ ಓಡಿಸುವುದು. “ಒತ್ತೋ! ನಾನು ಅಲ್ಲಿಗೆ ಮುಟ್ಟೋದ್ರೊಳಗೆ ಇನ್ನೊಂದು ಕಾಲೂ ಹೋಗುತ್ತೆ!” ಹೋಬಾರ್ಟ್ ಒತ್ತಿದ. ಅವನಿಗೆ ರಸ್ತೆ ಮಸುಕಾಗಿ ಕಾಣುತ್ತಿತ್ತು, ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ ಓಡಿಸಿದ. ಬೈಸಿಕೊಳ್ಳುವುದು ಇಷ್ಟು ಸುಖ ಎಂದು ಅವನಿಗೆ ಗೊತ್ತಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಕ್ಲೀವ್ ಭಾವನ ಕಡೆ ತಿರುಗಿದ. “ಒಂದು ಮಾತು. ಇವಳು ನಿಂಗೂ ಅವ್ವ ಆದ್ರೆ ನನ್ನ ತಂಗಿ ನಿಂಗೂ ತಂಗಿ. ನೀನು ಇವತ್ತಿಂದ ಎಲ್ಲಿ ಮಲಗ್ತೀಯ?”

“ಮುಚ್ಚೋ ಬಾಯಿ,” ಎಂದಳು ಡೆಲ್ಫಿನ್ ಹಿಂದಿನಿಂದ. ಅತ್ತು ಅತ್ತು ಕೆಂಪಾಗಿದ್ದ ಅವಳ ಮುಖದಲ್ಲಿ ನಗು ಒಡೆಯಿತು.

“ಅಲ್ಲ, ನನ್ನ ಕಥೆ ಇನ್ನೂ ಕೆಟ್ಟದ್ದು. ಭಾವನ್ನ ಆಡ್ಕೋಬೋದು. ತಮ್ಮನ್ನ ಆಡ್ಕೊಂಡ್ರೆ ದೊಡ್ಡವನ ಮರ್ಯಾದೆ ಹೋಗುತ್ತೆ. ಆ ಕರಡಿ ಕಥೆ ಏನ್ ಮಾಡ್ಲಿ ನಾನು?”

“ಅದು ನಂಗೂ ಇಷ್ಟ,” ಎಂದಳು ಜೋಸೆಟ್. “ಅದೊಂದು ಇಟ್ಕೋ.”

ಆಸ್ಪತ್ರೆಯಲ್ಲಿ ತಡಮಾಡಲಿಲ್ಲ. ತಳ್ಳುವ ಮಂಚದ ಮೇಲೆ ಮಲಗಿಸಿ, ತೋಳಿಗೆ ಸೂಜಿ ಚುಚ್ಚಿ, ಕಾಗದ ತಂದರು. ಬೆಳಿಗ್ಗೆಯ ತನಕ ಕಾಯುವುದೂ ಬೇಡ, ಈಗಲೇ ಎಂದರು. ಮೊಣಕಾಲು ಉಳಿಯಬಹುದು ಅಂದರು, ಮೂರು ದಿನ ಮೊದಲು ಬಂದಿದ್ದರೆ ಖಂಡಿತ ಉಳಿಯುತ್ತಿತ್ತು ಅಂದರು. ಹೋಬಾರ್ಟ್ ಅದನ್ನು ಕೇಳಿಸಿಕೊಂಡು ತಲೆಯಾಡಿಸಿದ. ಕಾಲು ತನಗೆ ಬೇಕು ಎಂದು ಕೇಳಿದ. ಅಲ್ಲಿದ್ದ ನರ್ಸು ಇಂಥದ್ದನ್ನು ಮೊದಲೂ ಕೇಳಿದ್ದವಳಂತೆ ಒಂದು ಚೀಟಿಯ ಮೇಲೆ ಬರೆದುಕೊಂಡಳು.

ಒಳಗೆ ತಳ್ಳಿಕೊಂಡು ಹೋಗುವ ಮುಂಚೆ ಅವನು ಮಂಚದ ತಲೆಯ ಕಡೆ ನಿಂತಿದ್ದ, ಅಭ್ಯಾಸದಂತೆ ಮುಖ ತಪ್ಪಿಸಿ, ಗೋಡೆ ನೋಡುತ್ತ.

“ಮಗ,” ಎಂದಳು ಜೋಸೆಟ್. “ಈ ಕಡೆ ಬಾ. ಮುಂದಕ್ಕೆ.”

ಬಂದು ನಿಂತ. ತಲೆ ತಗ್ಗಿಯೇ ಇತ್ತು. ಅವಳು ಸೂಜಿಯಿಲ್ಲದ ಕೈಯನ್ನು ಎತ್ತಿ ಅವನ ಗದ್ದ ಹಿಡಿದು ಮೇಲಕ್ಕೆತ್ತಿದಳು. ಮುಖ ನೋಡಿದಳು. ಹಣೆಯ ಗೆರೆ, ಕೆನ್ನೆಯ ಕುಳಿ, ಕಿವಿಯ ಮೇಲಿನ ಬಿಳಿಕೂದಲು, ಎಲ್ಲವನ್ನೂ ನಿಧಾನವಾಗಿ ನೋಡಿದಳು.  ಇಷ್ಟು ಹೊತ್ತು ಕಾಲಿಗೂ ಅಳದವಳು ಈಗ ಅತ್ತಳು.

“ಮುದುಕ ಆಗ್ಬಿಟ್ಟಿದೀಯಲ್ಲೋ,” ಎಂದಳು. “ನಾನು ನೋಡಿದ್ದು ಒಂದು ಹುಡುಗನ್ನ. ಇಷ್ಟು ವರ್ಷ ಮೆಟ್ಟು ಹೊಲಿದಿದ್ದು ಆ ಹುಡುಗನಿಗೆ. ನೀನು ಹೀಗಾಗಿದೀಯ ಅಂತ ಯಾರೂ ನಂಗೆ ಹೇಳ್ಲೇ ಇಲ್ಲ.”